ಐದು ನಿಮಿಷ ಕೊಟ್ಟರೆ ನಾಲ್ಕು ನಿಮಿಷ ಪೀಠಿಕೆ: ಸಂಸ್ಥೆ ನಡೆಸುವವರಿಗೆ ದಾನಿಗಳ ಮುಂದೆ ಮಾತಾಡೋಕೆ ಕಲಿಸೋದು ಹೆಂಗೆ?

ಸೋಂದಾ_ದಾರಿ

ಮುಂದಿನ ತಿಂಗಳು ಉತ್ತರ ಕನ್ನಡ ಜಿಲ್ಲೆಯ ಶಿರಸಿಯಲ್ಲಿ ಎರಡು ದಿನದ ತರಬೇತಿ ಇದೆ. ಒಂಬತ್ತು ಸಣ್ಣ ಸಂಸ್ಥೆಗಳ ಮುಖ್ಯಸ್ಥರು ಬರ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೊಯಿಡಾ, ಕುಮಟಾ, ಅಂಕೋಲಾ ಕಡೆಯವರು. ವಿಶೇಷ ಮಕ್ಕಳ ಹಗಲು ಶಾಲೆ, ಹಾಸಿಗೆ ಹಿಡಿದವರಿಗೆ ಮನೆಯಲ್ಲೇ ಆರೈಕೆ, ಕೆರೆ ಹೂಳೆತ್ತೋದು, ಮೀನು ಮಾರುವ ಹೆಂಗಸರ ಸಂಘ, ಹೀಗೆ. ಎರಡನೇ ದಿನ ಮಧ್ಯಾಹ್ನ ನಿಜವಾದ ನಾಲ್ಕು ದಾನಿಗಳು ಬಂದು ಕೂರ್ತಾರೆ: ಕಂಪನಿಯೊಂದರ ಸಿಎಸ್‌ಆರ್ (ಸಮಾಜದ ಕೆಲಸಕ್ಕೆ ಕಂಪನಿ ತೆಗೆದಿಡುವ ಹಣ) ನೋಡ್ಕೊಳ್ಳುವ ಒಬ್ಬ ಅಧಿಕಾರಿ, ಒಬ್ಬ ಅಡಿಕೆ ವ್ಯಾಪಾರಿ, ಕಾರವಾರದ ಬೋಟ್ ಮಾಲೀಕರೊಬ್ಬರು, ಬೆಂಗಳೂರಲ್ಲಿರುವ ಊರಿನ ಇಂಜಿನಿಯರ್ ಒಬ್ಬರು. ಪ್ರತಿ ಸಂಸ್ಥೆಗೆ ಐದು ನಿಮಿಷ.

ಅಭ್ಯಾಸಕ್ಕೆ ಅಂತ ಎಲ್ಲರ ಹತ್ರ ಐದು ನಿಮಿಷದ ಮಾತು ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿ ಅಂದಿದ್ದು. ಬಹುತೇಕ ಎಲ್ಲದರ ಶುರು ಹೀಗೆ: "ಮಾನ್ಯರೇ, ನಮ್ಮ ಸಂಸ್ಥೆಯು ಹಿರಿಯರ ಆಶೀರ್ವಾದದೊಂದಿಗೆ ಸ್ಥಾಪನೆಗೊಂಡು, ಗ್ರಾಮೀಣ ಭಾಗದ ಸರ್ವಾಂಗೀಣ ಅಭಿವೃದ್ಧಿಯ ಧ್ಯೇಯೋದ್ದೇಶಗಳನ್ನು ಇಟ್ಟುಕೊಂಡು..." ಒಂಬತ್ತರಲ್ಲಿ ಆರು ಜನರ ರೆಕಾರ್ಡು ಎಷ್ಟು ದುಡ್ಡು ಬೇಕು ಅಂತ ಹೇಳೋ ಮೊದಲೇ ಮುಗಿದಿತ್ತು. ಇದೇ ಜನ ಚಾದಂಗಡಿಯಲ್ಲಿ ಕೂತ್ರೆ ಕಣ್ಣಿಗೆ ಕಟ್ಟೋ ಹಾಗೆ ಹೇಳ್ತಾರೆ. ಎದ್ದು ನಿಂತ ಕೂಡಲೇ ವಾರ್ಷಿಕ ವರದಿ ಆಗಿಬಿಡ್ತಾರೆ. ಎರಡು ದಿನದಲ್ಲಿ ಎಂತ ಮಾಡಿಸ್ಬೇಕು, ಎಂತ ಬಿಡ್ಬೇಕು?

ಅರ್ಥಧಾರಿ_ಅಲ್ಲ

ಇದು ತಾಳಮದ್ದಲೆ (ವೇಷ ಇಲ್ಲದೆ ಕೂತು ಮಾತಲ್ಲೇ ನಡೆಸುವ ಯಕ್ಷಗಾನ) ರೋಗ. ಅಲ್ಲಿ ಅರ್ಧ ಗಂಟೆ ಪೀಠಿಕೆ ಹಾಕಿದ್ರೂ ಜನ ತಲೆದೂಗ್ತಾರೆ, ಯಾಕಂದ್ರೆ ಬಂದಿದ್ದೇ ಅದನ್ನ ಕೇಳೋಕೆ. ದಾನಿ ಅದಕ್ಕೆ ಬಂದವನಲ್ಲ.

ಒಂದು ಅಭ್ಯಾಸ ಮಾಡಿಸಿ. ಐದು ನಿಮಿಷದ ಮಾತನ್ನ ಕಾಗದದಲ್ಲಿ ಬರೆಸಿ. ನಿಮಿಷಕ್ಕೆ ಸುಮಾರು ನೂರು ಪದ ಅಂತ ಇಟ್ಕೊಂಡ್ರೆ ಎರಡು ಪುಟ ಆಗ್ತದೆ. ಈಗ ಮೇಲಿಂದ ಓದ್ತಾ ಹೋಗಿ, ಒಬ್ಬ ಮನುಷ್ಯ ಒಂದು ಜಾಗದಲ್ಲಿ ಎಂತಾದ್ರೂ ಮಾಡುವ ಮೊದಲ ವಾಕ್ಯ ಎಲ್ಲಿದೆ ಹುಡುಕಿಸಿ. ಅದರ ಮೇಲೆ ಇರುವುದೆಲ್ಲ ಕೆಂಪು ಪೆನ್ನಲ್ಲಿ ಹೊಡೆದು ಹಾಕಿ. ಹೆಚ್ಚಿನವರದ್ದು ಎರಡನೇ ಪುಟದ ಮಧ್ಯದಿಂದ ಶುರುವಾಗ್ತದೆ.

ಮೀನು ಮಾರುವ ಹೆಂಗಸರ ಸಂಘ ಅಂದ್ರಲ್ಲ. "ಮಹಿಳಾ ಸಬಲೀಕರಣ" ಅಂತ ಶುರು ಮಾಡೋದರ ಬದಲು: "ಬೆಳಿಗ್ಗೆ ಬಂದರಲ್ಲಿ ಒಂದು ಬುಟ್ಟಿ ಬಂಗಡೆ ಹಿಡಿದ ಹೆಂಗಸಿಗೆ ಹನ್ನೊಂದು ಗಂಟೆಯೊಳಗೆ ಅದು ಖಾಲಿ ಆಗ್ಬೇಕು. ಬಿಸಿಲು ಏರಿದ ಮೇಲೆ ಗಿರಾಕಿ ಕೇಳಿದ ರೇಟಿಗೆ ಕೊಡೋದೇ. ಮಂಜುಗಡ್ಡೆ ಪೆಟ್ಟಿಗೆ ಒಂದಿದ್ರೆ ಸಂಜೆ ಸಂತೆವರೆಗೂ ರೇಟು ಅವಳ ಕೈಲಿರ್ತದೆ." ಮೂವತ್ತು ಸೆಕೆಂಡು ಸಾಕು. ಸಮಸ್ಯೆ, ಪರಿಹಾರ, ಯಾವ ಸಾಮಾನು ಬೇಕು, ಮೂರೂ ಬಂತು. ಬೋಟ್ ಮಾಲೀಕರಿಗಂತೂ ಒಂದು ಪದ ವಿವರಿಸೋದು ಬೇಡ.

ಲೆಕ್ಕದಪುಸ್ತಕ

ಮಾತು ಆಮೇಲೆ ನೋಡ್ಕೊಳ್ಳಿ, ಮೊದಲು ಲೆಕ್ಕ. ದುಡ್ಡಿನ ಸಂಖ್ಯೆ ಬಾಯಿಗೆ ಬರದೇ ಇರೋದು ಸಂಕೋಚದಿಂದ ಅಂತ ಎಲ್ಲರೂ ಹೇಳ್ತಾರೆ. ಅರ್ಧ ಪಾಲು ಕಾರಣ, ಆ ಸಂಖ್ಯೆ ಅವರಿಗೇ ಗೊತ್ತಿಲ್ಲ!

ವಿಶೇಷ ಮಕ್ಕಳ ಶಾಲೆಯನ್ನೇ ತಗೊಳ್ಳಿ. 22 ಮಕ್ಕಳು ಅಂತ ಇಟ್ಕೊಂಡು ಒಂದು ಮಾದರಿ ಲೆಕ್ಕ:

ಮೂವರು ಶಿಕ್ಷಕಿಯರು, ತಿಂಗಳಿಗೆ 14,000: ವರ್ಷಕ್ಕೆ 5,04,000
ಗಾಡಿ, ಚಾಲಕ, ಡೀಸೆಲ್ ಸೇರಿ ತಿಂಗಳಿಗೆ 22,000: 2,64,000
ಮಧ್ಯಾಹ್ನದ ಊಟ, 35 ರೂಪಾಯಿಯಂತೆ 220 ದಿನ: 1,69,400
ಫಿಸಿಯೋಥೆರಪಿ, ವಾರಕ್ಕೆರಡು ಸಲ, 48 ವಾರ, ಸಲಕ್ಕೆ 800: 76,800
ಬಾಡಿಗೆ, ಕರೆಂಟು: 96,000
ಆಡಿಟ್, ಫೋನು, ಕಾಗದಪತ್ರ: 55,000

ಒಟ್ಟು 11,65,200. ಒಂದು ಮಗುವಿಗೆ ವರ್ಷಕ್ಕೆ ಸುಮಾರು 53,000, ತಿಂಗಳಿಗೆ 4,400.

ಇಲ್ಲಿ ಎಲ್ಲರೂ ಜಾರೋ ಜಾಗ ಒಂದಿದೆ. ಕೇಳೋಕೆ ಚೆನ್ನಾಗಿರ್ತದೆ ಅಂತ "ದಿನಕ್ಕೆ 35 ರೂಪಾಯಿ ಕೊಡಿ, ಒಂದು ಮಗು ಊಟ ಮಾಡ್ತದೆ" ಅಂತಾರೆ. ದಾನಿಗಳೆಲ್ಲ ಊಟಕ್ಕೇ ಕೊಡ್ತಾರೆ. ಘಟ್ಟದ ಮೇಲೆ ಮನೆಯಿಂದ ಮನೆಗೆ ಒಂದೊಂದು ಮೈಲಿ. ಡೀಸೆಲ್ಲಿಗೆ ದುಡ್ಡಿಲ್ಲದೆ ಗಾಡಿ ನಿಂತ್ರೆ ಊಟ ಮಾಡೋಕೆ ಮಗುವೇ ಶಾಲೆಗೆ ಬರೋದಿಲ್ಲ. ಆದ್ದರಿಂದ 4,400 ಅನ್ನೇ ಹೇಳೋದು ಕಲಿಸಿ. "ಒಂದು ಮಗುವಿನ ಒಂದು ತಿಂಗಳು, ಮನೆ ಬಾಗಿಲಿಂದ ಹತ್ತಿಸಿ ಮನೆ ಬಾಗಿಲಿಗೆ ಬಿಡುವವರೆಗೆ." ಗಾಡಿ ಅದರೊಳಗೇ ಬಂತು.

ಕಾಳಿ_ದಂಡೆ

ಈ ಪಿಚ್ಚು ಗಿಚ್ಚು ಎಲ್ಲ ಬೆಂಗಳೂರಿನವರ ಆಟ ಮಾರಾಯ್ರೆ. ನಮ್ಮಲ್ಲಿ ಕೊಡುವವರು ಮುಖ ನೋಡಿ ಕೊಡ್ತಾರೆ. ಯಾರ ಜೊತೆ ಬಂದ, ಯಾರ ಮಗ, ಹೋದ ಸಲದ ಲೆಕ್ಕ ಕೊಟ್ಟಿದ್ನಾ, ಇಷ್ಟೇ. ಐದು ನಿಮಿಷದಲ್ಲಿ ಗಂಟೆ ಹೊಡೆದು ಓಡಿಸೋದು ನಮ್ಮ ಮರ್ಯಾದೆ ಅಲ್ಲ.

ಬೈತಖೋಲ್_ಗಾಳಿ

@ಕಾಳಿ_ದಂಡೆ ಅರ್ಧ ಒಪ್ಪಿದೆ. ವ್ಯಾಪಾರಿ ಮನೆಗೆ ಹೋದ್ರೆ ಇಬ್ಬರೇ ಹೋಗ್ಬೇಕು, ಅದರಲ್ಲಿ ಒಬ್ಬರು ಅವರಿಗೆ ಪರಿಚಯ ಇರ್ಬೇಕು. ಚಾ ಕುಡಿದು, ಕವಳದ (ಎಲೆ ಅಡಿಕೆ) ಬಟ್ಟಲು ಬಂದು ಹೋಗುವವರೆಗೆ ವಿಷಯ ಎತ್ತಬಾರದು. ಅಲ್ಲಿ ನಿಂತು ಭಾಷಣ ಮಾಡಿದ್ರೆ ಕೆಟ್ಟಿತು.

ಆದ್ರೆ ಕವಳ ಮುಗಿದ ಮೇಲೆ ಎಂತ ಹೇಳ್ತೀರಿ? "ನಿಮ್ಮಿಂದ ಆದಷ್ಟು ಸಹಾಯ ಮಾಡಿ" ಅಂದ್ರೆ 501 ಬರ್ತದೆ. ಕೊಡೋಕೆ ಮನಸ್ಸಿಲ್ಲ ಅಂತಲ್ಲ, ಎಷ್ಟು ಬೇಕಿತ್ತು ಅಂತ ಅವರಿಗೂ ಗೊತ್ತಾಗ್ಲಿಲ್ಲ ಅಷ್ಟೇ.

ಕಾಳಿ_ದಂಡೆ

ದೊಡ್ಡವರ ಎದುರು ಕೂತು "ಇಪ್ಪತ್ತೈದು ಸಾವಿರ ಕೊಡಿ" ಅನ್ನೋದು ಉದ್ಧಟತನ ಅನ್ನಿಸೋದಿಲ್ವಾ?

ತದಡಿ_ಅಕ್ಕ

ದೇವಸ್ಥಾನದ ಸೇವಾ ಪಟ್ಟಿ ನೋಡಿ ಯಾರಾದ್ರೂ ಉದ್ಧಟತನ ಅಂದಿದ್ದು ಕೇಳಿದ್ದೀರಾ? ಪಂಚಾಮೃತ ಅಭಿಷೇಕ ಇಷ್ಟು, ಸತ್ಯನಾರಾಯಣ ವ್ರತ ಇಷ್ಟು ಅಂತ ಬೋರ್ಡಿನ ಮೇಲೇ ಇರ್ತದೆ. ನೋಡಿದವರು ತಮ್ಮ ಕೈಗೆ ಆಗುವುದನ್ನ ಆರಿಸ್ತಾರೆ, ಬಾಯಿ ಬಿಟ್ಟು ಕೇಳುವ ಸಂಕೋಚ ಯಾರಿಗೂ ಇಲ್ಲ.

ಹಂಗೇ ಒಂದು ಕಾಗದ ಮಾಡಿಸಿ. ನಾಲ್ಕೇ ಸಾಲು ಇರ್ಲಿ: ಒಂದು ಮಗುವಿನ ಒಂದು ತಿಂಗಳು 4,400, ಗಾಡಿಯ ಒಂದು ತಿಂಗಳು 22,000, ಒಂದು ಮಗುವಿನ ವರ್ಷ 53,000, ಒಬ್ಬ ಶಿಕ್ಷಕಿಯ ವರ್ಷದ ಸಂಬಳ 1,68,000. ಹತ್ತು ಸಾಲು ಹಾಕಿದ್ರೆ ಎಲ್ಲಕ್ಕಿಂತ ಕಡಿಮೆಯದ್ದನ್ನೇ ಹುಡುಕ್ತಾರೆ. ಕಾಗದ ಅವರ ಕಡೆ ತಿರುಗಿಸಿಟ್ಟು, "ಈ ವರ್ಷ ಗಾಡಿ ಒಂದು ತಿಂಗಳು ನಿಮ್ಮ ಹೆಸರಲ್ಲಿ ಓಡ್ಬೇಕು ಅಂತ ನಮ್ಮ ಆಸೆ" ಅಂತ ಒಂದು ಸಾಲಿನ ಮೇಲೆ ಬೆರಳಿಟ್ಟು ಹೇಳೋದು ಕಲಿಸಿ.

ರಸೀದಿ ಪುಸ್ತಕದ ವಿಷಯ ಇನ್ನೊಂದು. ಮುಂದಿನವರು ಹಿಂದಿನ ಹಾಳೆ ತಿರುವಿ ನೋಡಿಯೇ ನೋಡ್ತಾರೆ. ಮೊದಲ ರಸೀದಿ 251 ಆದ್ರೆ ಇಡೀ ಪುಸ್ತಕ ಅದರ ಆಸುಪಾಸಿನಲ್ಲೇ ಮುಗೀತದೆ. ಯಾರ ಮನೆಗೆ ಮೊದಲು ಹೋಗ್ಬೇಕು ಅನ್ನೋದೂ ಪಾಠದಲ್ಲಿ ಇರ್ಲಿ.

ಕಾಳಿ_ದಂಡೆ

ಸೇವಾ ಪಟ್ಟಿ ಅಡ್ಡಿಲ್ಲ. ಅದನ್ನ ಒಪ್ಪಿದೆ.

ಅರ್ಥಧಾರಿ_ಅಲ್ಲ

"ಅಡ್ಡಿಲ್ಲ" ಅಂದಾಗ ನೆನಪಾಯ್ತು, ನಮ್ಮ ಜಿಲ್ಲೆಯವರ ದೊಡ್ಡ ತಪ್ಪು ಇದೇ ಶಬ್ದ. ಕಷ್ಟಪಟ್ಟು ಸಂಖ್ಯೆ ಹೇಳ್ತಾರೆ, "ನಮಗೆ 53,000 ಬೇಕಾಗ್ತದೆ." ದಾನಿ ಯೋಚನೆ ಮಾಡ್ತಾ ಎರಡು ಸೆಕೆಂಡು ಸುಮ್ಮನಿದ್ದ ಅಂದ್ಕೊಳ್ಳಿ. ಇವರೇ ಬಾಯಿ ಹಾಕಿ "ಆಗದೇ ಇದ್ರೂ ಅಡ್ಡಿಲ್ಲ, ಎಷ್ಟಾದ್ರೂ ಅಡ್ಡಿಲ್ಲ" ಅಂದುಬಿಡ್ತಾರೆ. ಕೇಳಿದ್ದನ್ನ ತಾವೇ ವಾಪಸ್ ತಗೊಂಡ ಹಾಗಾಯ್ತು.

ಜೋಡಿ ಮಾಡಿ ಕೂರಿಸಿ, ಒಬ್ಬರು ದಾನಿ. ಕೇಳುವವರು ಸಂಖ್ಯೆ ಹೇಳಿದ ಮೇಲೆ ಮನಸ್ಸಲ್ಲೇ ಏಳರವರೆಗೆ ಎಣಿಸ್ಬೇಕು, ಬಾಯಿ ತೆರೀಬಾರದು. ದಾನಿ ಆದವರು ಬೇಕಂತಲೇ ಸುಮ್ಮನಿರ್ಬೇಕು. ಮೊದಲ ಸಲ ಮೂರಕ್ಕೇ ನಗು ಬರ್ತದೆ. ನಾಲ್ಕೈದು ಸಲ ಮಾಡಿದ್ರೆ ಸರಿ ಹೋಗ್ತದೆ. ಎರಡು ದಿನದಲ್ಲಿ ಒಂದೇ ಅಭ್ಯಾಸ ಮಾಡಿಸೋದಾದ್ರೆ ಇದನ್ನೇ ಮಾಡಿಸಿ.

ತೆರಿಗೆ_ತಕರಾರು

80ಜಿ, ಅಂದ್ರೆ ದಾನಿಗೆ ತೆರಿಗೆ ರಿಯಾಯಿತಿ ಸಿಗುವ ನೋಂದಣಿ, ಅದರ ಬಗ್ಗೆ ಸಂಸ್ಥೆಯವರು ಹೇಳುವ ಒಂದು ಸುಳ್ಳು (ಗೊತ್ತಿಲ್ಲದೆ ಹೇಳೋದೇ ಹೆಚ್ಚು): "80ಜಿ ಇದೆ ಸಾರ್, ನೀವು ಕೊಟ್ಟಿದ್ದು ಪೂರ್ತಿ ತೆರಿಗೆಯಲ್ಲಿ ಬರ್ತದೆ." ಬರೋದಿಲ್ಲ. ಸಾಮಾನ್ಯ ಟ್ರಸ್ಟುಗಳಿಗೆ ಕೊಟ್ಟ ದೇಣಿಗೆಯ ಶೇ 50ರಷ್ಟು ಮಾತ್ರ ಆದಾಯದಿಂದ ಕಳೆಯಬಹುದು, ಅದೂ ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರು. 10,000 ಕೊಟ್ಟವರ ಆದಾಯದಲ್ಲಿ ಕಳೆಯೋದು 5,000. ಶೇ 20ರ ಹಂತದಲ್ಲಿದ್ರೆ ಉಳಿಯೋದು ಸಾವಿರ ಚಿಲ್ಲರೆ ರೂಪಾಯಿ. ಹೊಸ ಪದ್ಧತಿಯಲ್ಲಿ ಇರುವವರಿಗೆ ಸೊನ್ನೆ. 2,000ಕ್ಕಿಂತ ಹೆಚ್ಚು ನಗದು ಕೊಟ್ಟರೂ ಸೊನ್ನೆ.

ಸಂಬಳದಾರ ಇಂಜಿನಿಯರ್ ಇದನ್ನ ಅರೆಗಳಿಗೆಯಲ್ಲಿ ಹಿಡೀತಾರೆ. ಅಲ್ಲಿಗೆ ಉಳಿದ ಮಾತೂ ನಂಬಿಕೆ ಕಳ್ಕೊಳ್ತದೆ.

ಲೆಕ್ಕದಪುಸ್ತಕ

ಇದಕ್ಕೆ ಒಂದು ಸೇರಿಸ್ತೇನೆ. ರಸೀದಿ ಕೊಟ್ಟು ಕೈ ತೊಳೆದುಕೊಳ್ಳೋ ಹಾಗಿಲ್ಲ. ವರ್ಷದ ದೇಣಿಗೆ ವಿವರ ಮುಂದಿನ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಹೋಗ್ಬೇಕು, ಅದರಿಂದ ಬರುವ ಪ್ರಮಾಣಪತ್ರ ದಾನಿಗೆ ತಲುಪ್ಬೇಕು. ತಡ ಆದ್ರೆ ದಿನಕ್ಕೆ 200 ರೂಪಾಯಿ ಶುಲ್ಕ. ಪ್ಯಾನ್ ಮೊದಲ ದಿನವೇ ಕೇಳಿ ಬರ್ಕೊಂಡಿರ್ಬೇಕು. ಮೇ ತಿಂಗಳಲ್ಲಿ ನೂರು ಜನರಿಗೆ ಫೋನ್ ಮಾಡಿ ಪ್ಯಾನ್ ಕೇಳುವ ಸಂಸ್ಥೆ ಅವ್ಯವಸ್ಥೆಯ ಸಂಸ್ಥೆ ಅಂತ ದಾನಿಗೆ ಅರ್ಥ ಆಗ್ತದೆ.

ಭಟ್ಕಳ_ದುಬೈ_ಭಟ್ಕಳ

ವಿದೇಶದಲ್ಲಿರುವ ಊರವರ ಹತ್ರ ಕೇಳಬಹುದಾ? ನಮ್ಮ ಕಡೆ ಕೊಡುವವರು ಅರ್ಧ ಜನ ಗಲ್ಫಲ್ಲೇ ಇರೋದು.

ತೆರಿಗೆ_ತಕರಾರು

ಪಾಸ್‌ಪೋರ್ಟ್ ನೋಡಿ ಕೇಳಿ. ಭಾರತೀಯ ಪಾಸ್‌ಪೋರ್ಟ್ ಇರುವ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಗಲ್ಫಿನ ನಮ್ಮವರು ಬಹುತೇಕ ಈ ಲೆಕ್ಕದಲ್ಲೇ ಬರ್ತಾರೆ. ಅಮೆರಿಕದ ಪೌರತ್ವ ತಗೊಂಡ ಹೆಗಡೆರ ಮಗ ಶಿರಸಿಯಲ್ಲೇ ಹುಟ್ಟಿದ್ರೂ, ಓಸಿಐ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ) ಕಾರ್ಡ್ ಇದ್ರೂ, ಕಾನೂನಿನ ಕಣ್ಣಲ್ಲಿ ವಿದೇಶಿ ಮೂಲ. ಅವರಿಂದ ಪಡೆಯೋಕೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ, ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲಿ ಖಾತೆ ಬೇಕು. ಸಣ್ಣ ಸಂಸ್ಥೆಯವರು ಗೊತ್ತಿಲ್ಲದೆ ತಮ್ಮ ಮಾಮೂಲಿ ಖಾತೆಗೆ ಹಾಕಿಸ್ಕೊಂಡು ಸಿಕ್ಕಿಬೀಳ್ತಾರೆ. ವಾಟ್ಸಾಪಲ್ಲಿ ಕ್ಯೂಆರ್ ಕೋಡ್ ಕಳಿಸೋ ಮೊದಲು ಇದು ತಲೆಯಲ್ಲಿರ್ಲಿ.

ಕೈಗಾ_ರಸ್ತೆ

ಸಿಎಸ್‌ಆರ್ ಬಗ್ಗೆ. ಮೊದಲನೇದು, ಕಂಡ ಕಂಡ ವ್ಯಾಪಾರಿ ಹತ್ರ "ನಿಮ್ಮ ಸಿಎಸ್‌ಆರ್ ಫಂಡಲ್ಲಿ" ಅನ್ನೋದು ನಿಲ್ಲಿಸಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಅನ್ವಯ ಆಗೋದು ನಿವ್ವಳ ಲಾಭ 5 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಮೌಲ್ಯ 500 ಕೋಟಿ ಇರುವ ಕಂಪನಿಗಳಿಗೆ. ಅವರು ಖರ್ಚು ಮಾಡ್ಬೇಕಾದ್ದು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2. ಶಿರಸಿ ಪೇಟೆಯ ಅಡಿಕೆ ಮಂಡಿಯವರಿಗೆ ಇದು ಸಂಬಂಧವೇ ಇಲ್ಲ, ಅವರು ಕೊಟ್ಟರೆ ಸ್ವಂತ ಜೇಬಿಂದ ಕೊಡೋದು.

ಎರಡನೇದು, ಎದುರು ಕೂತ ಸಿಎಸ್‌ಆರ್ ಅಧಿಕಾರಿ ತಾನೇ ತೀರ್ಮಾನ ಮಾಡೋದಿಲ್ಲ. ಮೇಲಿನವರಿಗೆ ಹೇಳ್ಬೇಕು. ಆದ್ದರಿಂದ ಅವರು ಮೇಲೆ ಹೋಗಿ ಹೇಳಬಹುದಾದ ಎರಡು ವಾಕ್ಯ ಕೊಡಿ. "ನಮ್ಮ ಘಟಕದಿಂದ ಇಷ್ಟು ದೂರದ ಇಷ್ಟು ಹಳ್ಳಿ, 22 ಮಕ್ಕಳು, ವರ್ಷಕ್ಕೆ 11.65 ಲಕ್ಷ, ಅದರಲ್ಲಿ 6 ಲಕ್ಷ ಈಗಾಗಲೇ ಇದೆ." ಈಗಾಗಲೇ ಎಷ್ಟಿದೆ ಅನ್ನೋದು ಮುಖ್ಯ. ಕಾಯ್ದೆಯಲ್ಲೂ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಅಂತ ಇದೆ, ದೂರ ಹೇಳೋದು ಅದಕ್ಕೆ.

ಮೂರನೇದು, ಸಿಎಸ್‌ಆರ್-1 (ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳ) ನೋಂದಣಿ ಸಂಖ್ಯೆ ಇಲ್ಲದೆ ಹೋಗ್ಬೇಡಿ. 2021ರ ಏಪ್ರಿಲ್‌ನಿಂದ ಕಡ್ಡಾಯ. 12ಎ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿಯ ನೋಂದಣಿ), 80ಜಿ, ಮೂರು ವರ್ಷ ಅಂಥದೇ ಕೆಲಸ ಮಾಡಿದ ದಾಖಲೆ, ಇವೂ ಕೇಳ್ತಾರೆ. ಇವೆಲ್ಲ ಕಾಗದದಲ್ಲಿ ಕೊಡುವಂಥವು, ಐದು ನಿಮಿಷದ ಮಾತಲ್ಲಿ ಓದುವಂಥವಲ್ಲ.

ಸೋಂದಾ_ದಾರಿ

"ಸಂಬಳಕ್ಕೆ ಕೊಡೋದಿಲ್ಲ, ಶೇ 5 ಮಿತಿ ಇದೆ" ಅಂತ ಕಂಪನಿಯವರು ಹೇಳ್ತಾರಲ್ಲ?

ಕೈಗಾ_ರಸ್ತೆ

ಶೇ 5ರ ಮಿತಿ ಇರೋದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಆಡಳಿತ ಖರ್ಚಿಗೆ. ಶಾಲೆಯ ಯೋಜನೆಯಲ್ಲಿ ಶಿಕ್ಷಕಿಯ ಸಂಬಳ ಯೋಜನೆಯ ಖರ್ಚೇ. ಅದನ್ನ "ಆಡಳಿತ ವೆಚ್ಚ" ಅಂತ ತಾವೇ ಬರೆದು ಕೊಡುವವರು ಇದ್ದಾರೆ, ಅದು ಅವರ ತಪ್ಪು. "ಸಂಬಳ" ಅಂತ ಒಂದೇ ಸಾಲು ಬರೀಬೇಡಿ. "22 ಮಕ್ಕಳಿಗೆ ಮೂವರು ತರಬೇತಿ ಪಡೆದ ಶಿಕ್ಷಕಿಯರು" ಅಂತ ಬರೀರಿ.

ಕೊನೆಕೊಯ್ಲು

ಯಾವ ತಿಂಗಳಲ್ಲಿ ಕೇಳ್ತೀರಿ ಅನ್ನೋದನ್ನ ಯಾರೂ ಹೇಳ್ಲಿಲ್ಲ. ಅಡಿಕೆ ತೋಟಿಗರ ಹತ್ರ ಆಷಾಢ ಶ್ರಾವಣದಲ್ಲಿ ಹೋದ್ರೆ ಕೊಳೆರೋಗದ ಔಷಧ ಹೊಡೆಯೋ ಕೂಲಿಗೇ ದುಡ್ಡಿಲ್ಲ ಅಂತಾರೆ, ಅದು ನಿಜವೇ. ಕೊನೆಕೊಯ್ಲು (ಅಡಿಕೆ ಗೊನೆ ಇಳಿಸೋದು) ಮುಗಿದು, ಚಾಲಿ (ಒಣಗಿಸುವ ಹಣ್ಣಡಿಕೆ) ಒಣಗಿ, ಸೊಸೈಟಿಗೆ ಹಾಕಿ ದುಡ್ಡು ಕೈಗೆ ಬರೋದು ಬೇಸಿಗೆಯಲ್ಲಿ. ಬೋಟಿನವರ ಹತ್ರ ಜೂನ್ 1ರಿಂದ ಜುಲೈ 31ರವರೆಗೆ, ಮೀನುಗಾರಿಕೆ ನಿಷೇಧದ 61 ದಿನ, ಹೆಸರೆತ್ತಬೇಡಿ. ಆಗಸ್ಟಲ್ಲೂ ಬಲೆ, ಇಂಜಿನ್, ಡೀಸೆಲ್ ಸಾಲ ಇರ್ತದೆ. ಮಾರಿಕಾಂಬಾ ಜಾತ್ರೆ ಇರುವ ವರ್ಷ ಶಿರಸಿಯಲ್ಲಿ ಫೆಬ್ರವರಿ ಮಾರ್ಚಿನ ವಂತಿಗೆ ಎಲ್ಲ ಅಲ್ಲಿಗೇ. ಕಂಪನಿಗಳ ವರ್ಷ ಏಪ್ರಿಲ್‌ಗೆ ಶುರು, ಅವರ ಮುಂದಿನ ಯೋಜನೆಯೊಳಗೆ ಸೇರ್ಬೇಕಿದ್ರೆ ಚಳಿಗಾಲದಲ್ಲೇ ಅರ್ಜಿ ಹೋಗಿರ್ಬೇಕು.

ತರಬೇತಿಯಲ್ಲಿ ಹನ್ನೆರಡು ಮನೆಯ ಕ್ಯಾಲೆಂಡರ್ ಕೊಟ್ಟು, ತಮ್ಮ ತಮ್ಮ ದಾನಿಗಳ ಹೆಸರು ಯಾವ ತಿಂಗಳಿಗೆ ಅಂತ ತುಂಬಿಸಿ.

ತದಡಿ_ಅಕ್ಕ

ಎರಡನೇ ದಿನ ಮಧ್ಯಾಹ್ನ ದಾನಿಗಳು ಬರ್ತಾರೆ ಅಂದ್ರಲ್ಲ. ಊಟಕ್ಕೆ ಅಪ್ಪೆಹುಳಿ (ಮಾವಿನಕಾಯಿಯ ಹುಳಿ ಸಾರು) ಮಾಡ್ಸಬೇಡಿ. ಎರಡು ಲೋಟ ಕುಡಿದವರು ಮೂರು ಗಂಟೆಗೆ ಏಳೋದಿಲ್ಲ.

ಬೈತಖೋಲ್_ಗಾಳಿ

ಅಪ್ಪೆಹುಳಿ ಬೈದ್ರೆ ಘಟ್ಟದ ಮೇಲಿನವರು ಸುಮ್ಮನಿರೋದಿಲ್ಲ ಅಕ್ಕಾ.

ಮಾಸ್ತರ_ಕೋಲು

ಚಿತ್ರ ತೋರಿಸೋದರ ಬಗ್ಗೆ ಎಚ್ಚರ. ಮಕ್ಕಳನ್ನೇ ಕರ್ಕೊಂಡು ಬಂದು ದಾನಿಗಳ ಎದುರು ಹಾಡಿಸೋದು ಒಂದು ಪದ್ಧತಿ ಆಗಿಬಿಟ್ಟಿದೆ. ಆ ಮಗುವಿನ ಅಪ್ಪ ಅಮ್ಮ ಆ ಸಭೆಯಲ್ಲಿ ಕೂತಿದ್ರೆ ಹೇಗನ್ನಿಸ್ತದೆ ಅಂತ ಕೇಳಿ ನೋಡಿ. ಬಾಲನ್ಯಾಯ ಕಾಯ್ದೆ, 2015ರ 74ನೇ ಸೆಕ್ಷನ್ ಪ್ರಕಾರ ಪೋಷಣೆ ರಕ್ಷಣೆ ಬೇಕಾದ ಮಕ್ಕಳ ಹೆಸರು, ವಿಳಾಸ, ಶಾಲೆ, ಚಿತ್ರ ಬಹಿರಂಗ ಮಾಡೋ ಹಾಗಿಲ್ಲ. ಕೈ ಮಾತ್ರ ಕಾಣುವ ಚಿತ್ರ, ಗಾಡಿಯ ಚಿತ್ರ, ಮಗು ಮಾಡಿದ ಕಾಗದದ ಚೀಲ, ಇದರಲ್ಲೇ ಹೇಳಬಹುದು. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನ, ಅಂಕೋಲೆಯ ಹಾಲಕ್ಕಿ ಸಮುದಾಯದವರನ್ನ ಅವರ ಸಾಂಪ್ರದಾಯಿಕ ಉಡುಗೆ ತೊಡಿಸಿ ನಿಲ್ಲಿಸೋದೂ ಇದೇ ಥರದ್ದು. ಸಂಸ್ಥೆಯೊಳಗೆ ಕೆಲಸ ಮಾಡುವ ಸಿದ್ದಿ ಕಾರ್ಯಕರ್ತೆ ಇದ್ರೆ ಅವರೇ ಮಾತಾಡ್ಲಿ, ಐದೂ ನಿಮಿಷ.

ಜೊಯಿಡಾ_ಗಡ್ಡೆ

ಜೊಯಿಡಾದಿಂದ ಬರುವವರಿಗೆ ಕೊಂಕಣಿ ಬಾಯಿಗೆ ಬರ್ತದೆ, ಪುಸ್ತಕದ ಕನ್ನಡ ಬರೋದಿಲ್ಲ. ಅವರನ್ನ "ಧ್ಯೇಯೋದ್ದೇಶ" ಅಂತ ಹೇಳಿಸೋಕೆ ಹೋಗ್ಬೇಡಿ. ಮೊದಲ ಸುತ್ತು ಮನೆಮಾತಲ್ಲೇ ಆಗ್ಲಿ, ಅದನ್ನ ರೆಕಾರ್ಡ್ ಮಾಡಿ, ಎರಡನೇ ಸುತ್ತಲ್ಲಿ ಅದನ್ನೇ ಕನ್ನಡಕ್ಕೆ ತರಲಿ. ವಾಕ್ಯ ಸಣ್ಣ ಆಗ್ತದೆ, ಮುಖ ಬದಲಾಗ್ತದೆ. ಉಚ್ಚಾರ ತಿದ್ದೋದಂತೂ ಬೇಡವೇ ಬೇಡ, ಸ ಶ ತಿದ್ದೋಕೆ ಹೋದ್ರೆ ಆ ಮನುಷ್ಯ ಆಮೇಲೆ ಬಾಯೇ ಬಿಡೋದಿಲ್ಲ.

ಅರ್ಥಧಾರಿ_ಅಲ್ಲ

ವೇಳೆ ಲೆಕ್ಕ ಹಾಕಿದ್ದೀರಾ? ಒಂಬತ್ತು ಜನ, ಐದು ನಿಮಿಷ ಮಾತು, ಏಳು ನಿಮಿಷ ಅಭಿಪ್ರಾಯ: ಒಂದು ಸುತ್ತಿಗೆ 108 ನಿಮಿಷ. ಎಲ್ಲರೂ ಒಟ್ಟಿಗೆ ಕೂತು ಮೂರು ಸುತ್ತು ಮಾಡಿದ್ರೆ ಒಂದು ದಿನ ಹೋಯ್ತು, ಎರಡನೇ ಸುತ್ತಿಗೇ ಎಲ್ಲರಿಗೂ ಆಕಳಿಕೆ. ಮೂರು ಮೂರು ಜನರ ಗುಂಪು ಮಾಡಿ, ಸುತ್ತಿಗೆ 36 ನಿಮಿಷ.

ಮೊದಲ ಸುತ್ತಿನ ಮಾತು ಆದ ಮೇಲೆ ಚಾ ಬಿಡುವು ಕೊಟ್ಟು, ಬಂದ ಮೇಲೆ ಕೇಳಿದವರಿಂದ ಆ ಮಾತನ್ನ ಹೇಳಿಸಿ. ಅವರಿಗೆ ನೆನಪುಳಿದದ್ದು ಎಂತದೋ ಅದೇ ಮುಖ್ಯ ಸಾಲು, ಉಳಿದದ್ದು ಚಾದ ಜೊತೆ ಹೋಯ್ತು. ಎರಡನೇ ಸುತ್ತಲ್ಲಿ ದಾನಿ ಆದವರು ಎರಡನೇ ನಿಮಿಷಕ್ಕೆ ಫೋನ್ ನೋಡಿ "ನನಗೆ ಹೊರಡ್ಬೇಕು" ಅನ್ಲಿ. ಆಗ ಸಂಖ್ಯೆ ಬಾಯಿಗೆ ಬರ್ತದಾ ನೋಡಿ. ಮೂರನೇ ಸುತ್ತಲ್ಲಿ ಬರೀ ಕಷ್ಟದ ಪ್ರಶ್ನೆ. "ಇದನ್ನ ಸರ್ಕಾರ ಯಾಕೆ ಮಾಡೋದಿಲ್ಲ?" "ನಿಮ್ಮ ನಂತರ ಯಾರು?" "ಹೋದ ವರ್ಷದ ದುಡ್ಡು ಎಂತ ಆಯ್ತು?" ಎರಡನೇ ಪ್ರಶ್ನೆಗೆ ನಮ್ಮ ಹಿರಿಯ ಮುಖ್ಯಸ್ಥರು ಬಹಳ ಜನ ಸಿಟ್ಟಾಗ್ತಾರೆ, ಉತ್ತರ ಇಲ್ಲದ್ದಕ್ಕೆ. ಸಿಟ್ಟು ಇಲ್ಲೇ ಬರ್ಲಿ, ದಾನಿ ಎದುರು ಬೇಡ.

ಅಭಿಪ್ರಾಯ ಹೇಳುವಾಗ ಒಬ್ಬರು ಒಂದೇ ವಿಷಯ ಹೇಳ್ಬೇಕು. ಏಳು ತಪ್ಪು ತೋರಿಸಿದ್ರೆ ಒಂದೂ ಸರಿ ಆಗೋದಿಲ್ಲ.

ಬೈತಖೋಲ್_ಗಾಳಿ

ಕೊಟ್ಟ ಮೇಲಿನದ್ದೂ ಕಲಿಸಿ. ಎರಡು ದಿನದೊಳಗೆ ಫೋನ್, ರಸೀದಿ ಜೊತೆಗೇ. ಮೂರು ತಿಂಗಳಿಗೆ ಒಂದು ಸಣ್ಣ ಸುದ್ದಿ, ದುಡ್ಡಿನ ಮಾತಿಲ್ಲದೆ: "ನಿಮ್ಮ ತಿಂಗಳಲ್ಲಿ ಗಾಡಿ 24 ದಿನ ಓಡಿತು, ಎರಡು ದಿನ ರಿಪೇರಿಯಲ್ಲಿತ್ತು." ರಿಪೇರಿ ಮುಚ್ಚಿಡಬೇಡಿ. ಬೋಟ್ ಇಟ್ಟವರಿಗೆ ಇಂಜಿನ್ ಕೆಡ್ತದೆ ಅಂತ ಗೊತ್ತು.

ಸೋಂದಾ_ದಾರಿ

ಬದಲು ಮಾಡಿದ್ದು: ಪ್ರೊಜೆಕ್ಟರ್ ತೆಗೆದಿದ್ದೇವೆ. ಮೊದಲ ದಿನ ಬೆಳಿಗ್ಗೆ ಪೂರ್ತಿ ಲೆಕ್ಕ, ಎಲ್ಲರೂ ಹೋದ ವರ್ಷದ ಆಡಿಟ್ ವರದಿ ತರಬೇಕು ಅಂತ ಸಂದೇಶ ಹೋಯ್ತು. ಮಧ್ಯಾಹ್ನ ಕೆಂಪು ಪೆನ್ನು, ಮನೆಮಾತಿನ ಸುತ್ತು. ಎರಡನೇ ದಿನ ಬೆಳಿಗ್ಗೆ ಏಳರವರೆಗೆ ಎಣಿಸೋದು, ಕಷ್ಟದ ಪ್ರಶ್ನೆ. ಈಗಲೇ ಒಬ್ಬರು ಫೋನ್ ಮಾಡಿ "ಆಡಿಟ್ ವರದಿ ಇನ್ನೂ ಆಗಿಲ್ಲ, ತರದಿದ್ರೆ ಅಡ್ಡಿಲ್ವಾ?" ಅಂತ ಕೇಳಿದ್ರು.

ಲೆಕ್ಕದಪುಸ್ತಕ

ಅಡ್ಡಿ ಇದೆ ಅನ್ನಿ.

ತದಡಿ_ಅಕ್ಕ

ಅಪ್ಪೆಹುಳಿ?

ಸೋಂದಾ_ದಾರಿ

ಮೊದಲ ದಿನ ರಾತ್ರಿಗೆ ಹಾಕಿದ್ದೇವೆ ಅಕ್ಕಾ.